ಜೀರೋ ಬಿಲ್ ಉಳಿಯಬೇಕು, ದೊಡ್ಡ ಟಿವಿಯೂ ಬೇಕು: ಯಾವುದು ತಗೊಳ್ಳಲಿ?

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರ. 2010ರಲ್ಲಿ ಕೊಂಡ 32 ಇಂಚಿನ ಎಲ್‌ಸಿಡಿ ಟಿವಿಯ ಪರದೆ ಒಂದು ಬದಿ ಕಪ್ಪಾಗಿದೆ, ಹೊಸದು ತಗೋಬೇಕು. ಮಗ 55 ಇಂಚೇ ಬೇಕು ಅಂತಾನೆ. ನಮ್ಮ ಮನೆಯವರು 32 ಸಾಕು ಅಂತಾರೆ. ಅಂಗಡಿಯವರು ‘ಫೈವ್ ಸ್ಟಾರ್ ತಗೊಳ್ರಿ, ಕರೆಂಟೇ ತಿನ್ನಂಗಿಲ್ಲ’ ಅಂದರು. ಗೃಹಜ್ಯೋತಿಯಲ್ಲಿ ನಮಗೆ 74 ಯೂನಿಟ್ ಸಿಕ್ಕಿದೆ. ತಿಂಗಳಿಗೆ 68ರ ಆಸುಪಾಸು ಬರುತ್ತದೆ, ಬೇಸಿಗೆಯಲ್ಲಿ 73ಕ್ಕೂ ಹೋಗಿದೆ. ಟಿವಿ ದಿನಕ್ಕೆ ಆರು ತಾಸು ಓಡುತ್ತದೆ. ಡಿಶ್ ಇದೆ, ಇನ್ವರ್ಟರ್ ಇದೆ. ದೊಡ್ಡ ಟಿವಿ ತಂದರೆ ಜೀರೋ ಬಿಲ್ ತಪ್ಪುತ್ತದಾ? ಯಾವುದು ತಗೊಳ್ಳಲಿ?

ಉತ್ತರ: ಅಕ್ಕಾವ್ರೇ, ಮೊದಲು ಉತ್ತರ ಹೇಳಿಬಿಡುತ್ತೇನೆ, ಲೆಕ್ಕ ಆಮೇಲೆ ನೋಡೋಣ. 43 ಇಂಚಿನ ಎಲ್‌ಇಡಿ ಟಿವಿ ತಗೊಳ್ಳಿ. ನಿಮ್ಮ ಹಳೆಯ 32 ಇಂಚಿಗಿಂತ ಅದು ಕಡಿಮೆ ಕರೆಂಟು ತಿನ್ನುತ್ತದೆ, ಜೀರೋ ಬಿಲ್ಲಿಗೆ ಏನೂ ಆಗುವುದಿಲ್ಲ. ಮಗ 55ಕ್ಕೇ ಹಟ ಹಿಡಿದರೆ ಅದೂ ಆಗುತ್ತದೆ. ಆದರೆ ಆಗ ಗೋಡೆ ಸ್ವಿಚ್ಚು ಆರಿಸುವ ರೂಢಿ ಇಡೀ ಮನೆಯವರಿಗೆ ಬರಬೇಕು, ಬೇಸಿಗೆಯಲ್ಲಂತೂ ತಪ್ಪಬಾರದು. ಅಂಗಡಿಯವರು ಹೇಳಿದ ಸ್ಟಾರ್ ಮಾತು ಅರ್ಧ ನಿಜ. ಬಿಲ್ ನಿರ್ಧಾರ ಮಾಡುವುದು ಪರದೆಯ ಅಳತೆ, ಬೆಳಕಿನ ಸೆಟ್ಟಿಂಗ್ ಮತ್ತು ಗೋಡೆಯ ಸ್ವಿಚ್ಚು. ಸ್ಟಾರ್ ಬರುವುದು ಅವುಗಳ ನಂತರ.

ಟಿವಿಯಲ್ಲಿ ಕರೆಂಟು ಎಲ್ಲಿ ಹೋಗುತ್ತದೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಎಲ್‌ಸಿಡಿ ಪರದೆ ತಾನಾಗಿ ಹೊಳೆಯುವುದಿಲ್ಲ. ಅದರ ಹಿಂದೆ ಒಂದು ಬೆಳಕು ಉರಿಯುತ್ತಿರುತ್ತದೆ, ಅದೇ ಬ್ಯಾಕ್‌ಲೈಟ್. ಪರದೆ ಆ ಬೆಳಕನ್ನು ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು ಚಿತ್ರ ಮಾಡುತ್ತದೆ. ನಿಮ್ಮ 2010ರ ಟಿವಿಯಲ್ಲಿ ಆ ಬೆಳಕಿಗೆ ಕಡ್ಡಿಯಂಥ ಸಣ್ಣ ಟ್ಯೂಬ್‌ಗಳಿವೆ. ಈಗಿನ ಟಿವಿಗಳಲ್ಲಿ ಎಲ್‌ಇಡಿ ಪಟ್ಟಿಗಳಿವೆ. ಎಲ್‌ಇಡಿ ಟಿವಿ ಅಂದರೆ ಬೇರೆ ಜಾತಿಯ ಪರದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಪರದೆ ಅದೇ ಎಲ್‌ಸಿಡಿ, ಹಿಂದಿನ ದೀಪ ಮಾತ್ರ ಬದಲಾಗಿದೆ. ಅಷ್ಟರಿಂದಲೇ ಕರೆಂಟು ಅರ್ಧಕ್ಕಿಂತ ಕೆಳಗೆ ಬಂತು. ಟಿವಿ ಎಳೆಯುವ ಕರೆಂಟಿನಲ್ಲಿ ದೊಡ್ಡ ಪಾಲು ಈ ಬ್ಯಾಕ್‌ಲೈಟಿನದೇ.

ನಮ್ಮ ಕಡೆ ರಿಪೇರಿಗೆ ಬರುವ ಎಲ್‌ಇಡಿ ಟಿವಿಗಳಲ್ಲಿ ‘ಸೌಂಡ್ ಬರ್ತದ, ಚಿತ್ರ ಬರಂಗಿಲ್ಲ’ ಅನ್ನುವ ದೂರು ಬಹಳ. ಕೋಣೆ ಕತ್ತಲು ಮಾಡಿ, ಟಿವಿ ಆನ್ ಇಟ್ಟು, ಪರದೆಗೆ ಹತ್ತಿರ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಮಸುಕಾಗಿ ಧಾರಾವಾಹಿ ನಡೆಯುತ್ತಿರುವುದು ಕಾಣುತ್ತದೆ. ಅಂದರೆ ಪರದೆ ಸರಿ ಇದೆ, ಹಿಂದಿನ ದೀಪ ಸತ್ತಿದೆ. ಬಿಚ್ಚಿ ನೋಡಿದರೆ ಪಟ್ಟಿಯ ಮೇಲಿನ ಒಂದೆರಡು ಎಲ್‌ಇಡಿ ಸುಟ್ಟು ಕಂದಾಗಿರುತ್ತವೆ. ಅವು ಒಂದರ ಹಿಂದೆ ಒಂದು ಸರಣಿಯಲ್ಲಿ ಇರುವುದರಿಂದ ಒಂದು ಹೋದರೆ ಆ ಸಾಲೆಲ್ಲ ಆರುತ್ತದೆ. ಇದಕ್ಕೆ ದೊಡ್ಡ ಕಾರಣ ಶಾಖ. ಬ್ಯಾಕ್‌ಲೈಟ್ ನೂರಕ್ಕೆ ನೂರು ಇಟ್ಟು ವರ್ಷಗಟ್ಟಲೆ ಓಡಿಸಿದ ಟಿವಿಗಳಲ್ಲಿ, ಅದೂ ನಮ್ಮ ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ, ಇದು ಬೇಗ ಬರುತ್ತದೆ. ಅದಕ್ಕೇ ಬೆಳಕು ಇಳಿಸಿ ಅಂತ ನಾನು ಎಲ್ಲರಿಗೂ ಹೇಳುವುದು. ಯೂನಿಟ್ ಉಳಿಯುತ್ತದೆ, ಟಿವಿಯೂ ಬಾಳಿಕೆ ಬರುತ್ತದೆ.

ಈಗ ಅಳತೆ. ಇಂಚು ಅಂದರೆ ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ದೀಪ ಬೆಳಗಬೇಕಾದದ್ದು ಪೂರ್ತಿ ವಿಸ್ತಾರ. 43ರಿಂದ 55ಕ್ಕೆ ಹೋದರೆ 12 ಇಂಚು ತಾನೇ ಅನ್ನಿಸುತ್ತದೆ, ಆದರೆ ಪರದೆಯ ವಿಸ್ತಾರ ಒಂದಕ್ಕೆ ಒಂದೂವರೆ ಪಾಲಿಗಿಂತ ಜಾಸ್ತಿ ಆಗುತ್ತದೆ. 32ರಿಂದ 43ಕ್ಕೆ ಹೋದರೆ ಹೆಚ್ಚುಕಡಿಮೆ ಎರಡು ಪಟ್ಟಿನ ಹತ್ತಿರ. ಹಾಗಾಗಿ ಕರೆಂಟೂ ಅದೇ ಲೆಕ್ಕದಲ್ಲಿ ಏರುತ್ತದೆ. ಇದರ ಮೇಲೆ ಫೋರ್‌ಕೆ, ಅಂದರೆ ಪರದೆಯಲ್ಲಿ ಚುಕ್ಕಿಗಳು ಬಹಳ ಸಣ್ಣವಾಗಿ ಬಹಳ ಜಾಸ್ತಿ ಇರುವುದು, ಇನ್ನೂ ಸ್ವಲ್ಪ ಸೇರಿಸುತ್ತದೆ. ಚುಕ್ಕಿಗಳು ಸಣ್ಣವಾದಷ್ಟೂ ಅವುಗಳ ನಡುವಿನ ಗೆರೆಗಳು ಜಾಸ್ತಿ, ಬೆಳಕು ಹೊರಗೆ ಬರಲು ಜಾಗ ಕಡಿಮೆ. ಅಷ್ಟೇ ಬೆಳಕು ಕಾಣಬೇಕಾದರೆ ಹಿಂದಿನ ದೀಪ ಹೆಚ್ಚು ಉರಿಯಬೇಕು.

ಸಾಮಾನ್ಯವಾಗಿ ಕಾಣುವ ಅಂಕಿ ಹೀಗಿರುತ್ತದೆ. ನಿಮ್ಮ ಹಳೆಯ ಟ್ಯೂಬ್ ಎಲ್‌ಸಿಡಿ ಸುಮಾರು 120 ವ್ಯಾಟ್. ಹೊಸ 32 ಇಂಚಿನ ಎಲ್‌ಇಡಿ 40ರ ಹತ್ತಿರ. 43 ಇಂಚಿನದು 80, 55 ಇಂಚಿನದು 130. 65ಕ್ಕೆ ಹೋದರೆ 180ರ ಮೇಲೆ ಕೂಡ ನೋಡಬಹುದು. ಮಾಡೆಲ್ ಮೇಲೆ ಹತ್ತಿಪ್ಪತ್ತು ವ್ಯಾಟ್ ಆಚೀಚೆ ಆಗುತ್ತದೆ. ಸಾವಿರ ವ್ಯಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್. ದಿನಕ್ಕೆ ಆರು ತಾಸು, ಮೂವತ್ತು ದಿನ ಅಂದರೆ ತಿಂಗಳಿಗೆ 180 ತಾಸು. ನಿಮ್ಮ ಹಳೆಯ ಟಿವಿ ತಿಂಗಳಿಗೆ 21.6 ಯೂನಿಟ್ ತಿನ್ನುತ್ತಿದೆ. ನಿಮ್ಮ 68ರಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ, ಅದೊಂದೇ!

43 ಇಂಚು ತಂದರೆ ಅದು 14.4ಕ್ಕೆ ಇಳಿಯುತ್ತದೆ. ಒಟ್ಟು 61ಕ್ಕೆ ಬರುತ್ತೀರಿ. ಬೇಸಿಗೆಯ 73 ಕೂಡ 66 ಆಗುತ್ತದೆ. 55 ಇಂಚು ತಂದರೆ 23.4, ಅಂದರೆ ಈಗಿನದಕ್ಕಿಂತ ಎರಡು ಯೂನಿಟ್ಟೂ ಜಾಸ್ತಿ ಇಲ್ಲ. ಸಾಧಾರಣ ತಿಂಗಳಲ್ಲಿ 70ರ ಹತ್ತಿರ ನಿಲ್ಲುತ್ತೀರಿ. ಆದರೆ ಏಪ್ರಿಲ್ ಮೇನಲ್ಲಿ 75ರ ಹತ್ತಿರ ಹೋಗಿ 74 ದಾಟುತ್ತೀರಿ. ಅದೇ 55 ಇಂಚನ್ನು ಅಂಗಡಿಯಲ್ಲಿ ಕಂಡ ಹಾಗೆ ಪಳಪಳ ಹೊಳೆಯುವ ಸೆಟ್ಟಿಂಗ್‌ನಲ್ಲೇ ಬಿಟ್ಟರೆ 160 ವ್ಯಾಟ್ ಆಗುವುದೇನೂ ಹೆಚ್ಚಲ್ಲ. ಆಗ ಟಿವಿ ಒಂದಕ್ಕೇ ಸುಮಾರು 29 ಯೂನಿಟ್. ಬೇಸಿಗೆ ಬೇಡ, ಎಲ್ಲಾ ತಿಂಗಳೂ ದಾಟುತ್ತೀರಿ.

ದಾಟಿದರೆ ಏನಾಗುತ್ತದೆ ಅನ್ನುವ ಭಯ ಎಷ್ಟೋ ಜನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಗೃಹಜ್ಯೋತಿಯಲ್ಲಿ 2022-23ರ ನಿಮ್ಮ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ನಿಮ್ಮ ಪಾಲಿನ ಯೂನಿಟ್ ನಿಗದಿ ಮಾಡಿದ್ದಾರೆ. ಅದನ್ನು ದಾಟಿ 200ರ ಒಳಗಿದ್ದರೆ ಜಾಸ್ತಿ ಆದಷ್ಟಕ್ಕೇ ದುಡ್ಡು ಕಟ್ಟಬೇಕು. 200 ದಾಟಿದರೆ ಮಾತ್ರ ಪೂರ್ತಿ ಬಿಲ್. ಯೂನಿಟ್ಟಿಗೆ ಎಲ್ಲಾ ಸೇರಿ 7 ರೂಪಾಯಿ ಹಿಡಿದರೂ, ಒಂದೆರಡು ಯೂನಿಟ್ ದಾಟಿದ್ದಕ್ಕೆ ಹದಿನೈದು ರೂಪಾಯಿಯ ಮಾತು. ಆದ್ದರಿಂದ ಹೆದರಬೇಡಿ. ಆದರೂ ಜೀರೋ ಬಿಲ್ ಕೈಗೆ ಬರುವ ನೆಮ್ಮದಿ ಬೇರೆ, ಅದು ನನಗೂ ಗೊತ್ತು. ಅದನ್ನು ಉಳಿಸಿಕೊಳ್ಳಲು ಟಿವಿಯನ್ನು ಸಣ್ಣದು ಮಾಡುವುದಕ್ಕಿಂತ ಸುಲಭ ದಾರಿ ಟಿವಿಯ ಕೆಳಗೇ ಕೂತಿದೆ.

ಅದು ಡಿಶ್ ಬಾಕ್ಸ್. ರಿಮೋಟಿನಲ್ಲಿ ಆಫ್ ಮಾಡಿದರೆ ಟಿವಿ ನಿಜವಾಗಿಯೂ ಮಲಗುತ್ತದೆ. ಈಗಿನ ಟಿವಿಗಳು ಸ್ಟ್ಯಾಂಡ್‌ಬೈನಲ್ಲಿ ಅರ್ಧ ವ್ಯಾಟ್‌ನ ಹತ್ತಿರ ಎಳೆಯುತ್ತವೆ, ಅದು ಲೆಕ್ಕಕ್ಕೇ ಬರುವುದಿಲ್ಲ. ಸೆಟ್‌ಟಾಪ್ ಬಾಕ್ಸ್ ಹಾಗಲ್ಲ. ಹಸಿರು ದೀಪ ಕೆಂಪಾಗುತ್ತದೆ ಅಷ್ಟೇ, ಒಳಗಿನ ಕೆಲಸ ಬಹುಪಾಲು ನಡೆದೇ ಇರುತ್ತದೆ. ಬೆಳಿಗ್ಗೆ ಎದ್ದು ಅದರ ಮೇಲೆ ಕೈ ಇಟ್ಟು ನೋಡಿ, ರಾತ್ರಿಯೆಲ್ಲ ಯಾರೂ ಟಿವಿ ನೋಡಿಲ್ಲ, ಆದರೂ ಬಾಕ್ಸ್ ಬೆಚ್ಚಗಿರುತ್ತದೆ. ಆ ಬಿಸಿ ಪುಕ್ಕಟೆ ಬಂದದ್ದಲ್ಲ. 10 ವ್ಯಾಟ್ ಎಳೆಯುವ ಬಾಕ್ಸ್ ದಿನದ 24 ತಾಸೂ ಓಡಿದರೆ ತಿಂಗಳಿಗೆ 7.2 ಯೂನಿಟ್. ಹೊಸ 32 ಇಂಚಿನ ಟಿವಿ ಆರು ತಾಸು ನೋಡಿದರೆ ಆಗುವುದೂ ಅಷ್ಟೇ. ಟಿವಿ ನೋಡುವಾಗ ಮಾತ್ರ ಬಾಕ್ಸ್ ಹಚ್ಚಿದರೆ 1.8 ಯೂನಿಟ್ ಸಾಕು. ತಿಂಗಳಿಗೆ 5.4 ಯೂನಿಟ್ ಸುಮ್ನೆ ಉಳಿಯಿತು.

ಈಗ 55 ಇಂಚಿನ ಲೆಕ್ಕಕ್ಕೆ ತಿರುಗಿ ಬನ್ನಿ. ಸಾಧಾರಣ ತಿಂಗಳ 70, ಬಾಕ್ಸ್ ಆರಿಸಿದರೆ 64 ಚಿಲ್ಲರೆ. ಬೇಸಿಗೆಯ 75, ಆಗ 69ರ ಹತ್ತಿರ. ಮಗನ ಆಸೆಯೂ ಈಡೇರಿತು, 74 ಕೂಡ ದಾಟಲಿಲ್ಲ. ಮೊದಲಿಗೇ ಗೋಡೆ ಸ್ವಿಚ್ಚಿನ ಮಾತು ಹೇಳಿದ್ದು ಇದಕ್ಕೇ. ಟಿವಿಗೂ ಬಾಕ್ಸಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಅದರ ಸ್ವಿಚ್ಚು ಕೈಗೆ ಸಿಗುವ ಹಾಗೆ ಇಡಿ. ಟಿವಿಯ ಹಿಂದೆ ಗೋಡೆಯಲ್ಲಿ ಅಡಗಿದ ಸ್ವಿಚ್ಚನ್ನು ಯಾರೂ ದಿನಾ ಆರಿಸುವುದಿಲ್ಲ. ಬೆಳಿಗ್ಗೆ ಮತ್ತೆ ಹಚ್ಚಿದಾಗ ಬಾಕ್ಸ್ ಚಾನೆಲ್ ಹುಡುಕಿಕೊಳ್ಳಲು ಒಂದೆರಡು ನಿಮಿಷ ತಗೊಳ್ಳುತ್ತದೆ, ಅಷ್ಟು ತಾಳ್ಮೆ ಬೇಕು. ಬಾಕ್ಸಿನಲ್ಲಿ ಯಾವುದಾದರೂ ಕಾರ್ಯಕ್ರಮ ರೆಕಾರ್ಡ್ ಆಗಲಿ ಅಂತ ಹಚ್ಚಿಟ್ಟಿದ್ದರೆ ಆ ಹೊತ್ತು ಮಾತ್ರ ಆರಿಸಬೇಡಿ.

ಸ್ಮಾರ್ಟ್ ಟಿವಿ ತಗೊಂಡರೆ ಇನ್ನೊಂದು ಕಡೆ ಕಣ್ಣಿಡಿ. ಸೆಟ್ಟಿಂಗ್ಸ್‌ನಲ್ಲಿ ಕ್ವಿಕ್ ಸ್ಟಾರ್ಟ್ ಅಥವಾ ಇನ್‌ಸ್ಟಂಟ್ ಆನ್ ಅಂತ ಇರುತ್ತದೆ. ಅದು ಆನ್ ಇದ್ದರೆ ಟಿವಿ ಪೂರ್ತಿ ಮಲಗುವುದೇ ಇಲ್ಲ, ಆಫ್ ಮಾಡಿದ ಮೇಲೂ ಕೆಲವು ಮಾಡೆಲ್‌ಗಳು ಹತ್ತು ವ್ಯಾಟ್‌ಗಿಂತ ಜಾಸ್ತಿ ಎಳೆಯುತ್ತವೆ. ಅದನ್ನು ಆಫ್ ಮಾಡಿ. ಟಿವಿ ಅರ್ಧ ನಿಮಿಷ ತಡವಾಗಿ ಬರುತ್ತದೆ, ಬರಲಿ ಬಿಡಿ.

ಸ್ಟಾರ್ ಲೇಬಲ್ ವಿಚಾರ. ಇದನ್ನು ಕೊಡುವುದು ಕೇಂದ್ರ ಸರ್ಕಾರದ ಬಿಇಇ, ಅಂದರೆ ಇಂಧನ ದಕ್ಷತಾ ಬ್ಯೂರೊ. 2002ರಲ್ಲಿ ಶುರುವಾದ ಸಂಸ್ಥೆ, 2006ರಿಂದ ಸ್ಟಾರ್ ಲೇಬಲ್ ನಡೆಸುತ್ತಿದೆ. ಒಳ್ಳೆಯ ಕೆಲಸ, ನಂಬಬಹುದಾದ ಲೇಬಲ್. ಆದರೆ ಅದನ್ನು ಓದುವ ಕ್ರಮ ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಸ್ಟಾರ್ ಕೊಡುವುದು ಅದೇ ಅಳತೆಯ ಟಿವಿಗಳ ನಡುವೆ ಹೋಲಿಸಿ. ಹಾಗಾಗಿ ಐದು ಸ್ಟಾರಿನ 55 ಇಂಚಿನ ಟಿವಿ, ಮೂರು ಸ್ಟಾರಿನ 43 ಇಂಚಿಗಿಂತ ಜಾಸ್ತಿ ಕರೆಂಟು ತಿನ್ನಬಹುದು. ಎರಡೂ ಲೇಬಲ್ ಸುಳ್ಳಲ್ಲ. ಅದಕ್ಕೇ ಸ್ಟಾರ್ ಎಣಿಸುವ ಮೊದಲು ಲೇಬಲ್ಲಿನ ಮೇಲೆ ಬರೆದ ವರ್ಷದ ಯೂನಿಟ್ ಓದಿ. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳ ಲೆಕ್ಕ. ಆ ಸಂಖ್ಯೆ ದಿನಕ್ಕೆ ಇಷ್ಟು ತಾಸು ಅಂತ ಹಿಡಿದು, ನಿಗದಿತ ಸೆಟ್ಟಿಂಗ್‌ನಲ್ಲಿ ಅಳೆದು ಹಾಕಿದ್ದು. ನಿಮ್ಮ ಮನೆಯಲ್ಲಿ ಆಚೀಚೆ ಆಗುತ್ತದೆ. ಆದರೆ ಎರಡು ಟಿವಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಇದಕ್ಕಿಂತ ಒಳ್ಳೆಯ ಅಂಕಿ ಬೇರೆ ಇಲ್ಲ.

ಲೇಬಲ್ಲಿನ ಅವಧಿಯನ್ನೂ ನೋಡಿ. ಬಿಇಇ ಕಾಲಕಾಲಕ್ಕೆ ಮಾನದಂಡ ಬಿಗಿ ಮಾಡುತ್ತದೆ. ಹಳೆಯ ಅವಧಿಯ ಐದು ಸ್ಟಾರ್, ಹೊಸ ಅವಧಿಯಲ್ಲಿ ನಾಲ್ಕೋ ಮೂರೋ ಆಗಿರಬಹುದು. ದೀಪಾವಳಿ ಆಫರ್‌ನಲ್ಲಿ ಹಳೆಯ ಸ್ಟಾಕ್ ಹೊರಗೆ ಬರುವುದು ಇದ್ದದ್ದೇ. ಬೆಲೆ ನಿಜವಾಗಿ ಇಳಿದಿದ್ದರೆ ತಗೊಳ್ಳಿ, ತಪ್ಪೇನಿಲ್ಲ. ಆದರೆ ಐದು ಸ್ಟಾರ್ ಅಂತ ಹೇಳಿ ಪೂರ್ತಿ ಬೆಲೆ ಕೇಳಿದರೆ ಟಿವಿ ಬಂದ ರಟ್ಟಿನ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು ತೋರಿಸಿ ಚೌಕಾಸಿ ಮಾಡಿ. ಟಿವಿಯ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ವ್ಯಾಟ್ ಬರೆದಿರುತ್ತದೆ, ಅದು ಸಾಮಾನ್ಯವಾಗಿ ಗರಿಷ್ಠ. ಅದನ್ನು ನೋಡಿ ಗಾಬರಿ ಆಗುವುದು ಬೇಡ.

ಕ್ಯೂಎಲ್‌ಇಡಿ, ಓಎಲ್‌ಇಡಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಕ್ಯೂಎಲ್‌ಇಡಿ ಕೂಡ ಬ್ಯಾಕ್‌ಲೈಟ್ ಇರುವ ಎಲ್‌ಸಿಡಿಯೇ, ಬಣ್ಣ ಚೆನ್ನಾಗಿ ಬರಲು ಒಂದು ಪದರ ಜಾಸ್ತಿ ಇರುತ್ತದೆ. ಓಎಲ್‌ಇಡಿ ಮಾತ್ರ ನಿಜವಾಗಿಯೂ ಬೇರೆ. ಅಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಇದ್ದಲ್ಲಿ ಪೂರ್ತಿ ಆರುತ್ತದೆ. ರಾತ್ರಿ ದೃಶ್ಯಗಳ ಸಿನಿಮಾ ನೋಡುವಾಗ ಕರೆಂಟು ಕಡಿಮೆ, ಬೆಳ್ಳಗಿನ ಸ್ಟುಡಿಯೋದ ಸುದ್ದಿ, ಕ್ರಿಕೆಟ್ ಮೈದಾನ ಬಂದರೆ ಜಾಸ್ತಿ. ನಮ್ಮ ಮನೆಗಳಲ್ಲಿ ದಿನವಿಡೀ ಸುದ್ದಿ ಚಾನೆಲ್ ಓಡುತ್ತದೆ, ಮೂಲೆಯಲ್ಲಿ ಲೋಗೋ, ಕೆಳಗೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಕದಲದೆ ನಿಂತಿರುತ್ತವೆ. ಓಎಲ್‌ಇಡಿ ಪರದೆಯಲ್ಲಿ ವರ್ಷಗಟ್ಟಲೆ ಹೀಗಾದರೆ ಅದರ ನೆರಳು ಶಾಶ್ವತವಾಗಿ ಅಚ್ಚೊತ್ತುವ ಅಪಾಯ ಇದೆ. ಇದನ್ನು ತಡೆಯಲು ಆ ಟಿವಿಗಳು ಆಫ್ ಮಾಡಿದ ಮೇಲೆ ಸ್ಟ್ಯಾಂಡ್‌ಬೈನಲ್ಲಿ ಪರದೆಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಗೋಡೆ ಸ್ವಿಚ್ಚು ತಕ್ಷಣ ಆರಿಸಿದರೆ ಆ ಕೆಲಸ ನಿಲ್ಲುತ್ತದೆ. ನೀವು ಸ್ವಿಚ್ಚು ಆರಿಸಿ ಉಳಿಸುವವರು. ಆ ಕಾರಣಕ್ಕೆ ಒಂದು, ಬೆಲೆಯ ಕಾರಣಕ್ಕೆ ಇನ್ನೊಂದು, ಓಎಲ್‌ಇಡಿ ನಿಮಗೆ ಬೇಡ ಅನ್ನುತ್ತೇನೆ.

ಟಿವಿ ಮನೆಗೆ ಬಂದ ದಿನ ಮಾಡಬೇಕಾದ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಮೊದಲ ಸಲ ಹಚ್ಚಿದಾಗ ‘ಮನೆಗೋ, ಅಂಗಡಿಗೋ’ ಅಂತ ಟಿವಿ ಕೇಳುತ್ತದೆ. ಹೋಮ್ ಒತ್ತಿ. ಅವಸರದಲ್ಲಿ ಸ್ಟೋರ್ ಅಂತ ಒತ್ತಿದರೆ ಬೆಳಕು ಪೂರ್ತಿ ಏರಿ ನಿಲ್ಲುತ್ತದೆ, ನೀವು ಇಳಿಸಿದರೂ ತಾನೇ ಮತ್ತೆ ಏರುತ್ತದೆ. ನಂತರ ಪಿಕ್ಚರ್ ಮೋಡ್‌ನಲ್ಲಿ ವಿವಿಡ್ ಅಥವಾ ಡೈನಾಮಿಕ್ ಇದ್ದರೆ ತೆಗೆದು ಸ್ಟ್ಯಾಂಡರ್ಡ್ ಇಡಿ. ಕತ್ತಲಾದ ಮೇಲೆ ನೋಡುವವರಿಗೆ ಸಿನಿಮಾ ಮೋಡ್ ಇನ್ನೂ ಹಿತ. ಮೊದಲ ಎರಡು ದಿನ ಮಂಕಾಗಿ ಕಾಣುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬ್ರೈಟ್‌ನೆಸ್ ಅನ್ನುವುದನ್ನು ಇಳಿಸಿ ಕರೆಂಟು ಉಳಿಯಿತು ಅಂದುಕೊಂಡವರು ಬಹಳ. ಎಷ್ಟೋ ಟಿವಿಗಳಲ್ಲಿ ಬ್ರೈಟ್‌ನೆಸ್ ಬದಲಿಸುವುದು ಚಿತ್ರದ ಕಪ್ಪು ಭಾಗ ಎಷ್ಟು ಕಪ್ಪು ಕಾಣಬೇಕು ಅನ್ನುವುದನ್ನು. ಹಿಂದಿನ ದೀಪ ಹಾಗೇ ಉರಿಯುತ್ತಿರುತ್ತದೆ. ನೀವು ಹುಡುಕಬೇಕಾದದ್ದು ಬ್ಯಾಕ್‌ಲೈಟ್. ಕೆಲವು ಕಂಪನಿಗಳು ಅದಕ್ಕೇ ಬ್ರೈಟ್‌ನೆಸ್ ಅಂತ ಹೆಸರಿಟ್ಟು, ಕಪ್ಪಿನದಕ್ಕೆ ಬ್ಲ್ಯಾಕ್ ಲೆವೆಲ್ ಅನ್ನುತ್ತವೆ. ಯಾವುದನ್ನು ಇಳಿಸಿದಾಗ ಚಿತ್ರದ ಬಿಳಿ ಭಾಗವೂ ಸಮನಾಗಿ ಮಂದವಾಗುತ್ತದೋ ಅದೇ ದೀಪದ ಗುಂಡಿ. ಸಂಜೆ ಅದನ್ನು ಅರ್ಧಕ್ಕೆ ಇಟ್ಟು ನೋಡಿ. ಬೆಳಿಗ್ಗೆ ಭಜನೆ, ವಚನ ಕೇಳಲು ಟಿವಿ ಹಚ್ಚುವ ಮನೆಗಳಿವೆ, ಯಾರೂ ಪರದೆ ನೋಡುತ್ತಿರುವುದಿಲ್ಲ. ಬಹಳಷ್ಟು ಟಿವಿಗಳಲ್ಲಿ ಪಿಕ್ಚರ್ ಆಫ್ ಅಂತ ಒಂದು ಆಯ್ಕೆ ಇದೆ. ಪರದೆ ಆರಿ ಧ್ವನಿ ಮಾತ್ರ ಬರುತ್ತದೆ, ದೊಡ್ಡ ಪಾಲು ಕರೆಂಟು ಅಲ್ಲೇ ಉಳಿಯುತ್ತದೆ.

ಇದೆಲ್ಲ ನಿಜವೋ ಸುಳ್ಳೋ ಅಂತ ನಿಮ್ಮ ಮನೆ ಮೀಟರ್ ಮುಂದೆ ನಿಂತು ನೀವೇ ನೋಡಬಹುದು. ಮಗನನ್ನು ಜೊತೆಗೆ ಕರೆದುಕೊಳ್ಳಿ, ಅವನಿಗೆ ಇದು ಇಷ್ಟವಾಗುತ್ತದೆ. ಹೆಸ್ಕಾಂ ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, 3200 ಅಂತಲೋ 1600 ಅಂತಲೋ. ಮನೆಯ ಎಲ್ಲಾ ಸ್ವಿಚ್ಚು ಆರಿಸಿ. ಫ್ರಿಜ್ ಹತ್ತು ನಿಮಿಷ ಆರಿದ್ದರೆ ಏನೂ ಆಗುವುದಿಲ್ಲ. ಇನ್ವರ್ಟರ್ ಪ್ಲಗ್ಗನ್ನೂ ಮರೆಯದೆ ತೆಗೆದು, ಅದರ ಪವರ್ ಬಟನ್ ಕೂಡ ಆಫ್ ಮಾಡಿ. ಇಲ್ಲವಾದರೆ ಟಿವಿ ಬ್ಯಾಟರಿ ಮೇಲೆ ಓಡಿ ಮೀಟರಿಗೆ ಗೊತ್ತೇ ಆಗುವುದಿಲ್ಲ. ಟಿವಿ ಲೈನು ಇನ್ವರ್ಟರ್ ಮೂಲಕವೇ ಬರುತ್ತಿದ್ದರೆ ಬೇರೆ ಪಾಯಿಂಟಿಗೆ ಹಾಕಿಕೊಳ್ಳಿ. ಈಗ ಟಿವಿ ಮಾತ್ರ ಹಚ್ಚಿ ಹತ್ತು ನಿಮಿಷ ಮಿನುಗು ಎಣಿಸಿ. ಮೀಟರ್ 3200ರದ್ದಾದರೆ ಬಂದ ಸಂಖ್ಯೆಯನ್ನು 1.875ರಿಂದ ಗುಣಿಸಿ, 1600ರದ್ದಾದರೆ 3.75ರಿಂದ. ಬಂದದ್ದೇ ವ್ಯಾಟ್. 3200ರ ಮೀಟರಿನಲ್ಲಿ 43 ಮಿನುಗು ಬಂದರೆ ಟಿವಿ 80 ವ್ಯಾಟ್ ಎಳೆಯುತ್ತಿದೆ. ಅದೇ ಟಿವಿಯನ್ನು ವಿವಿಡ್‌ಗೆ ಹಾಕಿ ಇನ್ನೊಮ್ಮೆ ಎಣಿಸಿ, ಸ್ಟ್ಯಾಂಡರ್ಡ್‌ಗೆ ಹಾಕಿ ಮತ್ತೊಮ್ಮೆ ಎಣಿಸಿ. ಕಡೆಗೆ ಟಿವಿ ತೆಗೆದು, ರಿಮೋಟಿನಲ್ಲಿ ಆಫ್ ಮಾಡಿದ ಡಿಶ್ ಬಾಕ್ಸ್ ಒಂದನ್ನೇ ಬಿಡಿ. ಆಫ್ ಆಗಿದೆ ಅಂದುಕೊಂಡ ಬಾಕ್ಸಿಗೂ ಮೀಟರ್ ಮಿನುಗುವುದು ಕಣ್ಣಿಗೆ ಬಿದ್ದ ಮೇಲೆ ಸ್ವಿಚ್ಚು ಆರಿಸು ಅಂತ ಯಾರಿಗೂ ಹೇಳಬೇಕಾಗುವುದಿಲ್ಲ.

ಟಿವಿ ಎಲ್ಲಿಡುತ್ತೀರಿ ಅನ್ನುವುದರಲ್ಲೂ ಯೂನಿಟ್ ಇದೆ. ಹೊರಬಾಗಿಲಿನ ಎದುರು ಗೋಡೆಗೆ ಹಾಕಿದರೆ ಮಧ್ಯಾಹ್ನದ ಬೆಳಕು ನೇರ ಪರದೆಗೆ ಬಿದ್ದು ಏನೂ ಕಾಣುವುದಿಲ್ಲ. ಆಗ ಎಲ್ಲರೂ ಬೆಳಕು ಏರಿಸುತ್ತಾರೆ, ಸಂಜೆ ಇಳಿಸಲು ಮರೆಯುತ್ತಾರೆ. ಬಾಗಿಲು ಕಿಟಕಿ ಪಕ್ಕಕ್ಕೆ ಬರುವಂತೆ ಅಡ್ಡಗೋಡೆಗೆ ಹಾಕಿ, ಕಿಟಕಿಗೆ ಒಂದು ದಪ್ಪ ಕರ್ಟನ್ ಕಟ್ಟಿ. ಕೂರುವ ಜಾಗ ಟಿವಿಯಿಂದ ಎಂಟೊಂಬತ್ತು ಅಡಿ ಇದ್ದರೆ 43 ಇಂಚು ಚೆನ್ನಾಗಿ ಕಾಣುತ್ತದೆ. 55 ಕೂಡ ಆ ದೂರಕ್ಕೆ ದೊಡ್ಡದಾಗಲಿಲ್ಲ, ನಿಜ. ಆದರೆ ಡಿಶ್‌ನಲ್ಲಿ ಎಚ್‌ಡಿ ಪ್ಯಾಕ್ ಇಲ್ಲದಿದ್ದರೆ ಸಾದಾ ಚಾನೆಲ್ 55ರಲ್ಲಿ ಎಳೆದು ಹಿಗ್ಗಿಸಿದಂತೆ ಮಬ್ಬಾಗಿ ಕಾಣುತ್ತದೆ. ಅದು ಟಿವಿಯ ತಪ್ಪಲ್ಲ. ಮಗನಿಗೆ ಈ ಮಾತು ಹೇಳಿ ನೋಡಿ.

ಸ್ಟೆಬಿಲೈಸರ್ ಬೇಕಾ ಅಂತ ನೀವು ಕೇಳಿಲ್ಲ, ಆದರೆ ಅಂಗಡಿಯಲ್ಲಿ ಕೇಳುತ್ತಾರೆ. ಟಿವಿಯ ಹಿಂದಿನ ಪಟ್ಟಿಯಲ್ಲಿ 100-240 ವೋಲ್ಟ್ ಅಂತ ಬರೆದಿದ್ದರೆ ಲೋ ವೋಲ್ಟೇಜಿಗೆ ಸ್ಟೆಬಿಲೈಸರ್ ಬೇಡ. ಅದು ತಾನೂ ಒಂದಷ್ಟು ಕರೆಂಟು ತಿನ್ನುತ್ತಾ ದಿನವಿಡೀ ಬಿಸಿಯಾಗಿ ಕೂತಿರುತ್ತದೆ. ನಮ್ಮ ಕಡೆ ಟಿವಿ ಕೊಲ್ಲುವುದು ಎರಡು. ಒಂದು, ನ್ಯೂಟ್ರಲ್ ತಂತಿ ಕಡಿದಾಗ ಮನೆಗೆ ನುಗ್ಗುವ ಹೈ ವೋಲ್ಟೇಜ್. ಅದು 400ರ ಹತ್ತಿರಕ್ಕೂ ಏರಬಹುದು. ಹೈ ವೋಲ್ಟೇಜ್ ಬಂದ ಕೂಡಲೇ ಲೈನ್ ಕಡಿಯುವ ಕಟ್‌ಆಫ್ ಉಪಕರಣವನ್ನು ಎಲೆಕ್ಟ್ರಿಷಿಯನ್ ಕೈಲಿ ಬೋರ್ಡಿಗೆ ಹಾಕಿಸಿ, ಇಡೀ ಮನೆಗೆ ಕಾವಲು. ಇನ್ನೊಂದು ಸಿಡಿಲು. ರೋಹಿಣಿ ಮಳೆಯ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತರೆ ಸಾಲದು, ಛತ್ತಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಬೇಕು. ಗುಡುಗು ತಲೆ ಮೇಲೆ ಬಂದಿದ್ದರೆ ಮುಟ್ಟಲು ಹೋಗಬೇಡಿ. ಬಹಳ ಟಿವಿಗಳ ಬೋರ್ಡು ಆ ಕೇಬಲ್ ದಾರಿಯಲ್ಲೇ ಸುಡುತ್ತದೆ.

ಇನ್ವರ್ಟರ್ ಇದೆ ಅಂದಿರಿ. 150 ಆಂಪಿಯರ್-ಅವರ್ ಬ್ಯಾಟರಿ ಒಂದಿದ್ದು, ಎರಡು ಹಳೆಯ ಫ್ಯಾನ್, ಎರಡು ಲೈಟ್ ಜೊತೆಗೆ 43 ಇಂಚು ಓಡಿಸಿದರೆ ಬ್ಯಾಟರಿ ಚೆನ್ನಾಗಿದ್ದರೆ ನಾಲ್ಕೂವರೆ ತಾಸಿನ ಆಸುಪಾಸು ಸಿಗುತ್ತದೆ. 55 ಆದರೆ ನಾಲ್ಕರ ಒಳಗೆ.

ಫ್ಯಾನ್ ಅಂದ ಕೂಡಲೇ ಹೇಳಲೇಬೇಕಾದ ಮಾತಿದೆ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಹತ್ತಿರ. ದಿನಕ್ಕೆ ಹತ್ತು ತಾಸು ಓಡುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಬೇಸಿಗೆಯಲ್ಲಿ ನಿಮ್ಮನ್ನು 73ಕ್ಕೆ ತಂದು ನಿಲ್ಲಿಸುತ್ತಿರುವುದು ಫ್ಯಾನುಗಳೇ ಇರಬೇಕು, ಟಿವಿ ಅಲ್ಲ. 55ರ ಬದಲು 43 ತಗೊಂಡು ಉಳಿದ ದುಡ್ಡಿನಲ್ಲಿ ಪಡಸಾಲೆಯ ಫ್ಯಾನ್ ಬದಲಿಸಿದರೆ ನನಗೆ ಬಹಳ ಸಂತೋಷ.

ಜೀರೋ ಬಿಲ್ ಬಂದರೂ ಯೂನಿಟ್ ಉಳಿಸಬೇಕು ಅನ್ನುವುದಕ್ಕೆ ಕಾರಣ ಇದೆ. ಆ ಯೂನಿಟ್ಟಿನ ದುಡ್ಡನ್ನು ಸರ್ಕಾರ ಹೆಸ್ಕಾಂಗೆ ಕಟ್ಟುತ್ತದೆ. ನಾವೆಲ್ಲ ಟಿವಿ ಹಚ್ಚುವುದು ಸೂರ್ಯ ಮುಳುಗಿದ ಮೇಲೆ, ಸೋಲಾರ್ ವಿದ್ಯುತ್ ನಿಂತ ಹೊತ್ತಿಗೆ. ಆಗ ದುಡಿಯಬೇಕಾದದ್ದು ಕಲ್ಲಿದ್ದಲು ಮತ್ತು ನೀರು. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್‌ನ ಜಲವಿದ್ಯುತ್ ಇದೆ. ಆ ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಮನೆಗಳನ್ನು ಬಿಟ್ಟು ಬಂದವರಿಗಾಗಿಯೇ ನಿಮ್ಮ ನವನಗರ ಎದ್ದದ್ದು. ಕರೆಂಟಿಗೆ ಏನು ಬೆಲೆ ಕೊಟ್ಟಿದ್ದೇವೆ ಅಂತ ನಿಮ್ಮ ಸೆಕ್ಟರಿನ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೊಳ್ಳುವಾಗ ಇನ್ನೊಂದೇ ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. 32 ಇಂಚಿನದಕ್ಕೆ ಮೊದಲೇ 18 ಇತ್ತು. ಹಾಗಾಗಿ 43ಕ್ಕೂ 32ಕ್ಕೂ ನಡುವಿನ ಅಂತರ ಈಗ ಸ್ವಲ್ಪ ಕಡಿಮೆ. ಬಿಲ್‌ನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ. ವಾರಂಟಿಯಲ್ಲಿ ಪ್ಯಾನೆಲ್ಲಿಗೆ, ಅಂದರೆ ಪರದೆಗೆ, ಎಷ್ಟು ವರ್ಷ ಅಂತ ಬೇರೆಯಾಗಿ ಕೇಳಿ. ಸರ್ವಿಸ್‌ನವರು ಬಾಗಲಕೋಟೆಯಲ್ಲೇ ಇದ್ದಾರಾ, ಹುಬ್ಬಳ್ಳಿಯಿಂದ ಬರಬೇಕಾ ಅಂತಲೂ ಕೇಳಿ.

ಹಳೆಯ ಟಿವಿಯನ್ನು ಗುಜರಿಯವನಿಗೆ ಕೊಡಬೇಡಿ. ಅದರ ಬ್ಯಾಕ್‌ಲೈಟ್ ಟ್ಯೂಬ್‌ಗಳಲ್ಲಿ ಪಾದರಸ ಇದೆ. ತಾಮ್ರಕ್ಕಾಗಿ ಅದನ್ನು ಒಡೆಯುವ ಹುಡುಗ ಬರಿಗೈಯಲ್ಲಿ ಒಡೆಯುತ್ತಾನೆ, ಆ ಹೊಗೆ, ಧೂಳು ಅವನ ಎದೆಗೇ ಹೋಗುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಟಿವಿಗಳು ನೋಂದಾಯಿತ ರಿಸೈಕ್ಲರ್ ಕೈ ಸೇರುವ ಹೊಣೆ ಕಂಪನಿಗಳ ಮೇಲಿದೆ. ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ ಹಾಕಿ. ಐನೂರೋ ಸಾವಿರವೋ ಕಡಿಮೆ ಸಿಕ್ಕರೂ ಪರವಾಗಿಲ್ಲ, ಅದನ್ನು ಕಂಪನಿಗೇ ಕಳಿಸುತ್ತೇವೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ.